ಫ್ಲಶ್ ಬಂತು, ನದಿ ಕೆಟ್ಟಿತು

ಪ್ರಶ್ನೆ: 19ನೇ ಶತಮಾನದ ಲಂಡನ್ನಿನಲ್ಲಿ ಫ್ಲಶ್ ಕಕ್ಕಸು ಬಳಕೆಗೆ ಬಂದ ಮೇಲೆಯೇ ಊರು ಇನ್ನಷ್ಟು ಗಬ್ಬೆದ್ದಿತು ಎಂದು ಓದಿದೆ. ಶುಚಿಗೆಂದು ಬಂದದ್ದು ಹೀಗೇಕಾಯಿತು?

ಉತ್ತರ: ನೀರಿನಿಂದ. ಮೊದಲು ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಇಟ್ಟಿಗೆ ಕಟ್ಟಿದ ಮಲಗುಂಡಿ. ದ್ರವ ಸಂದುಗಳಲ್ಲಿ ಮಣ್ಣಿಗೆ ಇಂಗುತ್ತಿತ್ತು. ತಳದಲ್ಲಿ ಉಳಿದದ್ದನ್ನು ಆಳುಗಳು ರಾತ್ರಿ ಹೊತ್ತು ಎತ್ತಿ, ಗಾಡಿಗೆ ತುಂಬಿ, ಊರಾಚೆಯ ಹೊಲಗಳಿಗೆ ಗೊಬ್ಬರವಾಗಿ ಸಾಗಿಸುತ್ತಿದ್ದರು. 1801ರಲ್ಲಿ ಸುಮಾರು 10 ಲಕ್ಷವಿದ್ದ ಜನಸಂಖ್ಯೆ 1851ರ ಹೊತ್ತಿಗೆ 23 ಲಕ್ಷ ದಾಟಿತು. ಹೊಲ ದೂರವಾಯಿತು, ಸಾಗಣೆ ದುಬಾರಿಯಾಯಿತು. ಬಡವರ ಓಣಿಗಳಲ್ಲಿ ಗುಂಡಿ ತುಂಬಿ ಹರಿದರೂ ಎತ್ತಿಸುವವರಿಲ್ಲ.

ಉಳ್ಳವರ ಮನೆಗೆ ಫ್ಲಶ್ ಬಂದದ್ದು ಇಂಥ ಹೊತ್ತಿನಲ್ಲಿ. ಪ್ರತಿ ಸಲವೂ ಲೀಟರುಗಟ್ಟಲೆ ನೀರು ಬಿದ್ದರೆ ಇಂಗುವ ಗುಂಡಿ ತಡೆದೀತೇ? ಮನೆಯ ಕೊಳಚೆಯನ್ನು ಮಳೆನೀರಿನ ಮೋರಿಗೆ ಬಿಡಲು 1815ರಲ್ಲಿ ಅನುಮತಿ ಸಿಕ್ಕಿತು. 1848ರ ನಂತರ ಗುಂಡಿ ಮುಚ್ಚಿಸಿ ಮೋರಿಗೆ ಜೋಡಿಸುವುದೇ ಕ್ರಮವಾಯಿತು. ಆ ಮೋರಿಗಳೆಲ್ಲ ಸೇರುತ್ತಿದ್ದದ್ದು ಥೇಮ್ಸ್ ನದಿಗೆ. ಊರಿನ ಎಷ್ಟೋ ಜನ ಕುಡಿಯುತ್ತಿದ್ದದ್ದೂ ಅದೇ ನದಿಯ ನೀರು. ಸಮುದ್ರದ ಭರತ ಬಂದಾಗ ಹೊಲಸು ಹಿಂದಕ್ಕೆ ಊರಿಗೇ ತೇಲಿ ಬರುತ್ತಿತ್ತು.

ಹಳೆಯ ಗುಂಡಿಗಳೇನೂ ನಿರಪಾಯವಾಗಿರಲಿಲ್ಲ. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಕಾಲರಾಕ್ಕೆ ಅಲ್ಲಿನ ಕೈಪಂಪಿನ ನೀರೇ ಕಾರಣವೆಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟರು. ಆಮೇಲೆ ಅಗೆದು ನೋಡಿದರೆ, 40ನೇ ನಂಬರಿನ ಮನೆಯ ಮಲಗುಂಡಿಗೂ ಪಂಪಿನ ಬಾವಿಗೂ ನಡುವೆ ಮೂರಡಿಯೂ ಇರಲಿಲ್ಲ, ಇಟ್ಟಿಗೆಗಳು ಸಡಿಲವಾಗಿದ್ದವು. ಬೇನೆ ಬಿದ್ದ ಹಸುಗೂಸಿನ ಬಟ್ಟೆ ತೊಳೆದ ನೀರನ್ನು ಸುರಿದದ್ದು ಆ ಗುಂಡಿಗೇ.

1858ರ ಬೇಸಿಗೆಯಲ್ಲಿ ನದಿಯ ನಾತ ಸಂಸತ್ತಿಗೇ ನುಗ್ಗಿತು. ಸುಣ್ಣದ ಕ್ಲೋರೈಡಿನಲ್ಲಿ (ಬ್ಲೀಚಿಂಗ್ ಪುಡಿಯಲ್ಲಿ) ಅದ್ದಿದ ಪರದೆ ಕಟ್ಟಿದರೂ ತಡೆಯಲಾಗಲಿಲ್ಲ. ಆಗ ಹೊಸ ಒಳಚರಂಡಿಗೆ ಹಣ ಮಂಜೂರಾಯಿತು.

ಎಂಜಿನಿಯರ್ ಜೋಸೆಫ್ ಬಾಜಲ್ಜೆಟ್ ನದಿಗೆ ಸಮಾನಾಂತರವಾಗಿ ಸುಮಾರು 132 ಕಿ.ಮೀ. ಮುಖ್ಯ ಒಳಚರಂಡಿ ಹಾಕಿಸಿ, ಹಳೆಯ ಮೋರಿಗಳ ನೀರನ್ನು ನದಿ ಮುಟ್ಟುವ ಮೊದಲೇ ಹಿಡಿದು ಪೂರ್ವಕ್ಕೆ ತಿರುಗಿಸಿದರು. ಇಳಿಜಾರು ಮೈಲಿಗೆ ಎರಡೇ ಅಡಿ. ಇಷ್ಟು ಸಪಾಟಾದರೆ ಹೂಳು ಕೂರುತ್ತದೆ. ಹಲವು ಕೊಳವೆಗಳನ್ನು ಮೊಟ್ಟೆಯ ಆಕಾರದಲ್ಲಿ, ಚೂಪು ತುದಿ ಕೆಳಗಾಗಿ ಕಟ್ಟಿದ್ದರ ಜಾಣ್ಮೆ ಇಲ್ಲಿದೆ: ನೀರು ಕಡಿಮೆಯಿದ್ದರೂ ಕಿರಿದಾದ ತಳದಲ್ಲಿ ರಭಸವಾಗಿ ಹರಿದು ಹೂಳನ್ನು ತಳ್ಳಿಕೊಂಡು ಹೋಗುತ್ತದೆ. ಕೊಳಚೆ ತೀರಾ ಕೆಳಗಿಳಿದ ಕಡೆ ಉಗಿ ಪಂಪುಗಳು ಮೇಲೆತ್ತುತ್ತಿದ್ದವು. ಕೊನೆಗೆ ತೊಟ್ಟಿಯಲ್ಲಿ ನಿಲ್ಲಿಸಿ, ಇಳಿತ ಶುರುವಾದಾಗ ಮಾತ್ರ ನದಿಗೆ ಬಿಡುತ್ತಿದ್ದರು. ಶುದ್ಧೀಕರಣವೇನೂ ಇರಲಿಲ್ಲ, ಹೊಲಸನ್ನು ಊರಿನ ಕೆಳಗಡೆಗೆ ಸಾಗಿಸಿದ್ದಷ್ಟೇ.

1866ರಲ್ಲಿ ಕಾಲರಾ ಮತ್ತೆ ಬಂದಾಗ ಹೆಚ್ಚಾಗಿ ಸತ್ತವರು ಪೂರ್ವ ಲಂಡನ್ನಿನ ಬಡವರು. ಆ ಭಾಗದ ಕೆಲಸ ಇನ್ನೂ ಮುಗಿದಿರಲಿಲ್ಲ.