1950ರ ದಶಕದ ಪೆಟ್ರೋಲ್ ಟ್ರ್ಯಾಕ್ಟರಿಗೆ ಯಾವ ಪೆಟ್ರೋಲ್, ಯಾವ ಆಯಿಲ್ ಹಾಕಬೇಕು?

ಚಿಂತಾಮಣಿಯ ನಿಮ್ಮ ತೋಟದಲ್ಲಿ ವರ್ಷಗಟ್ಟಲೆ ನಿಂತಿದ್ದ, ತಾತನವರ ಕಾಲದ ಟ್ರ್ಯಾಕ್ಟರಿಗೆ ಬಂಕಿನ ಸಾಮಾನ್ಯ ಪೆಟ್ರೋಲೇ ಸಾಕು. ಎಂಜಿನ್‌ಗೆ ಎಸ್‌ಎಇ 30 ಅಥವಾ 15ಡಬ್ಲ್ಯೂ-40 (ಇವು ಡಬ್ಬದ ಮೇಲಿರುವ, ಆಯಿಲ್ ಎಷ್ಟು ಮಂದವೆಂದು ತಿಳಿಸುವ ಗುರುತುಗಳು) ಆಯಿಲ್ ಹೊಂದುತ್ತದೆ. ಕೈಪಿಡಿ ಸಿಕ್ಕಿದರೆ ಅದರ ಮಾತೇ ಅಂತಿಮ.

ದುಬಾರಿ ಪ್ರೀಮಿಯಂ ಪೆಟ್ರೋಲಿನ ಹೆಚ್ಚಿನ ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದಿರುವ ಗುಣ, ಇಂಧನ ಮಿಶ್ರಣವನ್ನು ಹತ್ತುಪಟ್ಟು ಅಥವಾ ಹೆಚ್ಚು ಒತ್ತುವ ಇಂದಿನ ಕೆಲವು ಕಾರುಗಳಿಗೆ ಬೇಕು. ಸುಮಾರು ಆರುಪಟ್ಟು ಮಾತ್ರ ಒತ್ತುವ ಈ ಹಳೆಯ ಎಂಜಿನ್‌ಗೆ ಅದರಿಂದ ಲಾಭವಿಲ್ಲ. ನಿಜವಾದ ತೊಂದರೆ ಎಥನಾಲ್‌ನದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಬೆರೆತಿರುವ ಅದು ಹಳೆಯ ರಬ್ಬರ್ ಪೈಪು, ಕಾರ್ಕ್ ಗ್ಯಾಸ್ಕೆಟ್‌ಗಳನ್ನು ಕೆಡಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿಗೂ ಕಾರ್ಬ್ಯುರೇಟರಿಗೂ ತುಕ್ಕು ಹಿಡಿಸುತ್ತದೆ. ಆದ್ದರಿಂದ ಪೈಪುಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ, ಉಳುಮೆ ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಪೆಟ್ರೋಲನ್ನು ಪೂರ್ತಿ ಇಳಿಸಿಬಿಡಿ. ನಮ್ಮಲ್ಲಿ ಕೆಲಸ ಮಳೆಯನ್ನು ಕಾಯುವುದರಿಂದ ಇದನ್ನು ಮರೆಯುವುದು ಸುಲಭ.

ಆಯಿಲ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದಿನ ಆಯಿಲ್‌ಗಳಲ್ಲಿ ಕೊಳೆಯನ್ನು ಬಿಡಿಸುವ ರಾಸಾಯನಿಕಗಳಿರುತ್ತವೆ. ಅಂಥ ಗುಣವಿಲ್ಲದ ಆಯಿಲ್‌ನಲ್ಲೇ ದಶಕಗಳ ಕಾಲ ಓಡಿದ ಎಂಜಿನ್ನಿನ ತಳದಲ್ಲಿ ಕಪ್ಪು ಗಸಿ ಕಟ್ಟಿರುತ್ತದೆ. ಹೊಸ ಆಯಿಲ್ ಅದನ್ನು ಒಮ್ಮೆಲೇ ಸಡಿಲಿಸಿದರೆ ಆಯಿಲ್ ಹರಿಯುವ ಸಣ್ಣ ದಾರಿಗಳು ಕಟ್ಟಿ ಬೇರಿಂಗ್ ಸವೆಯಬಹುದು. ಮೊದಲು ಸಂಪ್, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯನ್ನು ಬಿಚ್ಚಿಸಿ ಶುಚಿಗೊಳಿಸಿ, ಹೊಸ ಆಯಿಲ್ ತುಂಬಿಸಿ, ಹತ್ತಿಪ್ಪತ್ತು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಿ.