ನಮ್ಮ ದವಡೆ ಬಂದದ್ದು ಮೀನಿಂದಲಾ?

ಪ್ರಶ್ನೆ: ಮೊದಮೊದಲ ಮೀನುಗಳಿಗೆ ದವಡೆಯೇ ಇರಲಿಲ್ಲವಂತೆ. ಹಾಗಾದರೆ ನಮಗೆ ಎಲ್ಲಿಂದ ಬಂತು?

ಉತ್ತರ: ನಿಜ, ಇರಲಿಲ್ಲ. ಆ ಜಾತಿಯ ಲ್ಯಾಂಪ್ರೇ ಈಗಲೂ ಇದೆ, ದುಂಡಗಿನ ಬಾಯಿಂದ ಬೇರೆ ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ದವಡೆ ಬಂದದ್ದು ಆಮೇಲೆ. ಮೈಮೇಲೆ ಮೂಳೆ ಫಲಕಗಳ ಕವಚ ಹೊತ್ತ ಪ್ಲಾಕೊಡರ್ಮ್ ಎಂಬ ಮೀನುಗಳಿದ್ದವು. ಅವುಗಳ ದವಡೆಗೂ ನಮ್ಮದಕ್ಕೂ ನೇರ ನಂಟಿಲ್ಲ ಅಂತಲೇ ಹೆಚ್ಚಿನವರು ತಿಳಿದಿದ್ದರು. ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಎಂಟೆಲೊಗ್ನಾಥಸ್ ಎಂಬ ಮೀನಿನ ಪಳೆಯುಳಿಕೆಯ ವಿವರ 2013ರಲ್ಲಿ ಹೊರಬಂತು ನೋಡಿ, ಲೆಕ್ಕವೇ ಬದಲಾಯಿತು. ಸುಮಾರು 41.9 ಕೋಟಿ ವರ್ಷ ಹಳೆಯದು, ಉದ್ದ ಬರೀ 20 ಸೆಂ.ಮೀ. ಮೈಯೆಲ್ಲ ಪ್ಲಾಕೊಡರ್ಮ್, ಆದರೆ ಬಾಯಂಚಿನಲ್ಲಿ ನಮ್ಮ ಮೇಲ್ದವಡೆ, ಕೆಳದವಡೆಯಲ್ಲಿರುವಂಥದ್ದೇ ಮೂಳೆಗಳು! ಅಂದರೆ ನಮ್ಮ ಮುಖದ ಮೂಳೆಗಳ ಬೇರು ಆ ಕವಚದ ಮೀನಿನವರೆಗೂ ಹೋಗುತ್ತದೆ ಅಂತಾಯಿತು.

ಇನ್ನೊಂದು ತಮಾಷೆ, ನೀವು ಕೇಳದಿದ್ದರೂ ಹೇಳುತ್ತೇನೆ. ಹಳೆಯ ಮೀನುಗಳ ದವಡೆ ಕೀಲಿನಲ್ಲಿದ್ದ ಎರಡು ಮೂಳೆಗಳು ನಮ್ಮಂಥ ಸಸ್ತನಿಗಳಲ್ಲಿ ಸುಮ್ನೆ ಮಾಯವಾಗಲಿಲ್ಲ, ಚಿಕ್ಕದಾಗುತ್ತಾ ಹೋಗಿ ಕಿವಿಯೊಳಗೆ ಸೇರಿಕೊಂಡವು. ಈಗ ಸದ್ದು ಸಾಗಿಸುವ ಕೆಲಸ ಅವಕ್ಕೆ.