ಇ-ಸಿಗರೇಟಿನ ಟ್ಯಾಂಕ್ ಸೋರುತ್ತಿದೆ, ಸುಟ್ಟ ವಾಸನೆಯೂ ಬರುತ್ತಿದೆ. ಮನೆಯಲ್ಲೇ ಸರಿಮಾಡಬಹುದಾ?

ಹೆಚ್ಚಿನ ಸಲ ಆಗುತ್ತದೆ. ಮೊದಲು ಟ್ಯಾಂಕನ್ನು ಬ್ಯಾಟರಿಯಿಂದ ಬಿಚ್ಚಿ. ಬ್ಯಾಟರಿಗೆ ನೀರು ತಾಗಲೇಬಾರದು. ಒಳಗೆ ಉಳಿದ ದ್ರವದಲ್ಲಿ ನಿಕೋಟಿನ್ ಇದ್ದರೆ ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಹಾಗಾಗಿ ಗ್ಲೌಸ್ ಹಾಕಿಕೊಳ್ಳಿ. ಮಕ್ಕಳಿರುವ ಮನೆಯಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ದ್ರವ ಸ್ವಲ್ಪ ಕುಡಿದರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ.

ಕಾಯಿಲ್ (ದ್ರವವನ್ನು ಬಿಸಿಮಾಡಿ ಆವಿ ಮಾಡುವ ಭಾಗ) ತೆಗೆದಿಟ್ಟು ಉಳಿದ ಭಾಗಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಕುದಿಯುವ ನೀರು ಬೇಡ, ಗಾಜು ಬಿರುಕು ಬಿಡಬಹುದು. ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಸೋರಿಕೆಗೆ ನನ್ನ ಮೊದಲ ಅನುಮಾನ ಜೋಡಣೆಯಲ್ಲಿ ದ್ರವ ಸೋರದಂತೆ ತಡೆಯುವ ರಬ್ಬರಿನ ಓ-ರಿಂಗ್ ಮೇಲೆ. ಅದು ಹರಿದಿದ್ದರೆ, ಚಪ್ಪಟೆಯಾಗಿದ್ದರೆ ಅದೇ ಅಳತೆಯದ್ದು ಹಾಕಿ. ಹಾಕುವಾಗ ಟ್ಯಾಂಕಿಗೆ ತುಂಬುವ ದ್ರವದ್ದೇ ಒಂದು ಹನಿ ಸವರಿದರೆ ಸಲೀಸಾಗಿ ಕೂರುತ್ತದೆ. ರಿಂಗ್ ಸರಿಯಿದ್ದರೆ ಕಾಯಿಲ್ ನೆಟ್ಟಗೆ ಕೂತಿದೆಯಾ ನೋಡಿ. ಕಂಠದವರೆಗೂ ತುಂಬಿದರೂ ಸೋರುತ್ತದೆ, ಮೇಲೆ ಸ್ವಲ್ಪ ಗಾಳಿಗೆ ಜಾಗ ಬಿಡಿ. ಒಡೆದ ಗಾಜಿಗೆ ಮಾತ್ರ ಅಂಟು ಹಚ್ಚಬೇಡಿ. ಬಿಸಿಯಾಗುವ, ಉಸಿರಾಡುವ ವಸ್ತು ಅಲ್ವಾ! ಹೊಸ ಗಾಜೇ ಹಾಕಿ.

ಸುಟ್ಟ ವಾಸನೆ ಬರುವುದು ಕಾಯಿಲ್ ಒಳಗಿನ ಹತ್ತಿಯಿಂದ. ಸಿಹಿ ಜಾಸ್ತಿ ಇರುವ ದ್ರವ ಅದರ ಮೇಲೆ ಬೇಗ ಕಪ್ಪಗೆ ಕಟ್ಟಿಕೊಳ್ಳುತ್ತದೆ. ಸುಟ್ಟ ಹತ್ತಿಯನ್ನು ತೊಳೆದು ಪ್ರಯೋಜನವಿಲ್ಲ, ಕಾಯಿಲನ್ನೇ ಬದಲಿಸಿ. ಹೊಸದರ ಹತ್ತಿಗೆ ಆ ದ್ರವದ ಮೂರ್ನಾಲ್ಕು ಹನಿ ಬಿಟ್ಟು, ಟ್ಯಾಂಕ್ ತುಂಬಿ, 10 ನಿಮಿಷ ನೆನೆಯಲು ಬಿಡಿ. ಒಣ ಹತ್ತಿ ಮೊದಲ ಸಲವೇ ಸುಟ್ಟುಹೋಗುತ್ತದೆ.